ಬಂಗುಡೆ ಬಾಕ್ಸಲ್ಲಿ ಬೆಚ್ಚಗೆ ಬ್ಯಾಟರಿ: ಮಿನಿ 2 ಡ್ರೋನ್ ಹಿಮಾಚಲದ ಚಳಿಗೆ ಹೋಗಿ ಬಂದ ರಿವ್ಯೂ

ಮೊದ್ಲೇ ಹೇಳ್ತೇನೆ, ಇದು ಹೊಸ ಡ್ರೋನಿನ ರಿವ್ಯೂ ಅಲ್ಲ. ನನ್ನ ಹತ್ರ ಇರುವುದು ಡಿಜೆಐ ಕಂಪನಿಯ ಮಿನಿ 2, 2020ರ ನವೆಂಬರಲ್ಲಿ ಬಂದ ಮಾಡೆಲ್, ನಾನು ತಗೊಂಡದ್ದು 2021ರಲ್ಲಿ, ಆಮೇಲೆ 2022ರ ಫೆಬ್ರವರಿಯಲ್ಲಿ ಹೊರದೇಶದ ರೆಡಿ ಡ್ರೋನ್ ತರಿಸುವುದನ್ನೇ ಸರ್ಕಾರ ನಿಲ್ಲಿಸಿತಲ್ಲ, ಹಾಗಾಗಿ ಇದ್ದದ್ದನ್ನೇ ಮಗುವಿನ ಹಾಗೆ ನೋಡಿಕೊಂಡು ಬರ್ತಾ ಇದ್ದೇನೆ. ಮಲ್ಪೆ, ಕಾಪು, ಪಡುಬಿದ್ರಿ ಬೀಚಲ್ಲಿ ಹಾರಿಸಿ ಅಭ್ಯಾಸ ಇರುವ ಜನ ನಾನು. ನಮಗೆ ಚಳಿಗಾಲ ಅಂದ್ರೆ ಎಂತ, ಡಿಸೆಂಬರಲ್ಲಿ ರಾತ್ರಿ ಫ್ಯಾನ್ 5ರಿಂದ 3ಕ್ಕೆ ಇಳಿಸುವುದು, ಬೆಳಿಗ್ಗೆ ತೆಂಗಿನೆಣ್ಣೆ ಬಾಟ್ಲಿ ಬಿಸಿಲಿಗೆ ಇಡುವುದು, ಕಥೆ ಮುಗೀತು.

ಕಳೆದ ಜನವರಿಯಲ್ಲಿ ಭಾವ (ಅಕ್ಕನ ಗಂಡ, ಮಲ್ಪೆ ಬಂದರಲ್ಲಿ ಮೀನಿನ ವ್ಯವಹಾರ) ಹಿಮಾಚಲಕ್ಕೆ ಹೋಗುವ ಅಂತ ಹೊರಡಿಸಿದರು, ಅವರಿಗೆ ಸ್ನೋ ನೋಡ್ಬೇಕಿತ್ತು, ನನಗೆ ಸ್ನೋ ಮೇಲಿಂದ ನೋಡ್ಬೇಕಿತ್ತು. ಜಿಭಿ, ಅಲ್ಲಿಂದ ಮೇಲೆ ಶೋಜಾ, ಒಟ್ಟು ಐದು ದಿನ. ಬೆಳಿಗ್ಗೆ ಏಳೂವರೆಗೆ ಮೈನಸ್ 4, ಮಧ್ಯಾಹ್ನ ಬಿಸಿಲು ಬಂದ್ರೆ 5, 6 ಡಿಗ್ರಿ. ಈ ಐದು ದಿನದಲ್ಲಿ ಡ್ರೋನ್ ಹೇಗೆ ಮಾಡ್ತು, ಅದಕ್ಕೆ ಅಂತ ನಾನು ತಗೊಂಡ ಸಾಮಾನಲ್ಲಿ ಯಾವುದು ದುಡ್ಡಿಗೆ ಬೆಲೆ ಕೊಟ್ಟಿತು ಯಾವುದು ದಂಡ, ಅದನ್ನು ಬರೀತೇನೆ. ಊರಿಂದ ಮನಾಲಿ ಕಡೆ ಹೋಗುವ ಹುಡುಗರು ತುಂಬ ಜನ ಕೇಳ್ತಾ ಇದ್ದಾರೆ, ಒಬ್ಬೊಬ್ಬರಿಗೆ ವಾಯ್ಸ್ ಮೆಸೇಜ್ ಹಾಕಿ ಸಾಕಾಯ್ತು ಮಾರಾಯ್ರೆ.

ಬಾಕ್ಸ್ ಮೇಲೆ ಇರುವ ಲೆಕ್ಕ ಬೇಗ ಮುಗಿಸ್ತೇನೆ. ತೂಕ 249 ಗ್ರಾಂ, ಬ್ಯಾಟರಿ 2250 ಎಂಎಎಚ್, 4ಕೆ ವಿಡಿಯೋ ಸೆಕೆಂಡಿಗೆ 30 ಫ್ರೇಮ್, ಹಾರುವ ಸಮಯ 31 ನಿಮಿಷ. ಈ 31 ನಿಮಿಷ ಅನ್ನುವುದು ಗಾಳಿಯೇ ಇಲ್ಲದೆ ಗಂಟೆಗೆ 17 ಕಿಲೋಮೀಟರ್ ಸ್ಪೀಡಲ್ಲಿ ಒಂದೇ ಸಮ ಹೋದ್ರೆ ಸಿಗುವುದು. ನನಗೆ ಮಲ್ಪೆಯಲ್ಲಿ 21, 22 ನಿಮಿಷ ಸಿಗ್ತದೆ, 25 ಪರ್ಸೆಂಟ್ ಇರುವಾಗ ಇಳಿಸಿಬಿಡ್ತೇನೆ, ಅದರಲ್ಲಿ ನನಗೆ ಯಾವ ದೂರೂ ಇಲ್ಲ.

ಆದ್ರೆ ಮ್ಯಾನ್ಯುವಲಲ್ಲಿ ಯಾರೂ ಓದದ ಒಂದು ಪುಟ ಉಂಟು, ನಾನೂ ಓದಿರ್ಲಿಲ್ಲ. ಈ ಮಾಡೆಲ್ ಕೆಲಸ ಮಾಡುವುದು 0ಯಿಂದ 40 ಡಿಗ್ರಿ ಒಳಗೆ ಅಂತ ಸ್ಪಷ್ಟ ಬರೆದಿದ್ದಾರೆ. ಆಮೇಲೆ ಬಂದ ಮಿನಿ 3, ಮಿನಿ 4 ಪ್ರೊ ಎಲ್ಲ ಮೈನಸ್ 10ರವರೆಗೆ ಅಂತ ಹೇಳ್ತಾರೆ, ಮಿನಿ 2ಕ್ಕೆ ಸೊನ್ನೆಯೇ ಗಡಿ. 0ಯಿಂದ 5 ಡಿಗ್ರಿ ಒಳಗೂ ಬ್ಯಾಟರಿ ಕೆಪಾಸಿಟಿ ತುಂಬ ಇಳೀತದೆ, ಎತ್ತಿದ ಕೂಡ್ಲೆ ಸ್ವಲ್ಪ ಹೊತ್ತು ಒಂದೇ ಕಡೆ ನಿಲ್ಲಿಸಿ ಬಿಸಿ ಮಾಡಿಕೊಳ್ಳಿ ಅಂತಲೂ ಉಂಟು. ಅಂದ್ರೆ ಬೆಳಿಗ್ಗೆ ಮೈನಸ್ 4ರಲ್ಲಿ ನಾನು ಮಾಡಿದ್ದು ಪುಸ್ತಕಕ್ಕೆ ಹೊರಗಿನ ಕೆಲಸ. ಕೆಳಗೆ ಬರುವ ಅವಾಂತರಕ್ಕೆ ನಾನೇ ಜವಾಬ್ದಾರಿ, ಕಂಪನಿಯವರಲ್ಲ, ಇದು ಗೊತ್ತಿರ್ಲಿ.

ಮೊದಲನೇ ದಿನ. ರಾತ್ರಿ ಹೋಮ್‌ಸ್ಟೇ ರೂಮಲ್ಲಿ ಬ್ಯಾಗ್ ಕಿಟಕಿ ಪಕ್ಕ ಇಟ್ಟು ಮಲಗಿದ್ದೆ, ರೂಮೇ 3 ಡಿಗ್ರಿ ಇತ್ತೇನೋ, ಮೂರು ರಜಾಯಿ ಹೊದ್ದರೂ ಕಾಲು ಐಸ್. ಬೆಳಿಗ್ಗೆ ಎದ್ದು ನೋಡಿದ್ರೆ ಹೊರಗೆ ಪೂರ್ತಿ ಬಿಳಿ, ದೇವದಾರು ಮರದ ಮೇಲೆಲ್ಲ ಸ್ನೋ, ಬಿಸಿಲು ಆಗಷ್ಟೇ ಗುಡ್ಡದ ತುದಿಗೆ ಬಿದ್ದಿತ್ತು. ಇನ್ನು ತಡೀಲಿಕ್ಕೆ ಆಗ್ತದಾ? ಓಡಿ ಹೋಗಿ ಬ್ಯಾಟರಿ ಹಾಕಿದೆ, 100 ಪರ್ಸೆಂಟ್ ತೋರಿಸ್ತು, ಎತ್ತಿದೆ. ಸ್ಟಿಕ್ ಪೂರ್ತಿ ಮೇಲೆ, ಒಂದೇ ಏಟಿಗೆ ಕಣಿವೆ ಆಚೆಗೆ. ನಾಲ್ಕನೇ ನಿಮಿಷಕ್ಕೆ 71 ಪರ್ಸೆಂಟ್. ಸಾಕಷ್ಟು ಉಂಟಲ್ಲ ಅಂತ ಇನ್ನೂ ಮೇಲೆ ಹತ್ತಿಸಿದೆ, ಅಷ್ಟೇ, ಕೆಂಪು ಅಕ್ಷರ ಬಂತು, ಬ್ಯಾಟರಿ ವೋಲ್ಟೇಜ್ ಕಮ್ಮಿ ಅಂತ, ಕಂಟ್ರೋಲರ್ ಬೀಪ್ ಬೀಪ್ ಬೀಪ್, 71 ಇದ್ದದ್ದು ನೋಡ್ತಾ ನೋಡ್ತಾ 40ರ ಕೆಳಗೆ ಬಂತು, ನನ್ನ ಎದೆ ಬಾಯಿಗೆ ಬಂತು. ಡ್ರೋನ್ ಇರುವುದು 300 ಮೀಟರ್ ದೂರ, ಕೆಳಗೆ ಸೇಬಿನ ತೋಟ, ಮಧ್ಯದಲ್ಲೊಂದು ತೋಡು. ಭಾವ ಹಿಂದಿಂದ "ಎಂತ ಆಯ್ತು ಮಾರಾಯ, ಬಿತ್ತಾ?" ಅಂತ ಕೇಳ್ತಿದ್ದಾರೆ, ನನಗೆ ಉತ್ತರ ಕೊಡ್ಲಿಕ್ಕೆ ಸ್ವರ ಇಲ್ಲ.

ಆಗ ಒಂದು ಮಾತ್ರ ಸರಿ ಮಾಡಿದೆ. ಗಾಬರಿಯಲ್ಲಿ ವಾಪಸ್ ತರ್ಲಿಕ್ಕೆ ಫುಲ್ ಸ್ಪೀಡ್ ಕೊಡ್ಲಿಲ್ಲ, ಸ್ಟಿಕ್ ಬಿಟ್ಟೆ. ಎರಡು ಸೆಕೆಂಡ್ ನಿಂತ ಮೇಲೆ ಬೀಪ್ ನಿಂತಿತು, ಮೆಲ್ಲ ಕೆಳಗೆ ಇಳಿಸ್ತಾ ಬಂದೆ, ಮನೆ ಅಂಗಳಕ್ಕೆ ತರುವ ಆಸೆ ಬಿಟ್ಟು ಸೇಬಿನ ತೋಟದ ಖಾಲಿ ಜಾಗದಲ್ಲಿ ಇಳಿಸಿದೆ, ಇಳಿಸಿದೆ ಅಂತ ಹೇಳುವುದು, ಸ್ನೋದೊಳಗೆ ಹುಗಿದು ಹೋಯ್ತು. ಮೊಣಕಾಲು ಮಟ್ಟ ಸ್ನೋದಲ್ಲಿ ಮುಕ್ಕಾಲು ಗಂಟೆ ನಡ್ಕೊಂಡು ಹೋಗಿ ತಂದದ್ದು, ಹೋಮ್‌ಸ್ಟೇ ಹುಡುಗ ಜೊತೆಗೆ ಬರದಿದ್ರೆ ಆ ತೋಡು ದಾಟ್ಲಿಕ್ಕೆ ನನ್ನಿಂದ ಆಗ್ತಿರ್ಲಿಲ್ಲ. ಡ್ರೋನ್ ತಂದು ಒರೆಸಿ ಒಣಗಿಸಿ ಸಂಜೆ ಆನ್ ಮಾಡಿದೆ, ಎಂತದೂ ಆಗಿರ್ಲಿಲ್ಲ. ಮಜಾ ಎಂತ ಗೊತ್ತುಂಟಾ, ಅದೇ ಬ್ಯಾಟರಿ ರೂಮಲ್ಲಿ ಬೆಚ್ಚಗಾದ ಮೇಲೆ ನೋಡಿದ್ರೆ ಚಾರ್ಜ್ ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು.

ಹಾಗಾದ್ರೆ ಚಾರ್ಜ್ ಎಲ್ಲಿ ಹೋಗಿತ್ತು? ಎಲ್ಲಿಗೂ ಹೋಗಿರ್ಲಿಲ್ಲ. ನಮ್ಮ ತೆಂಗಿನೆಣ್ಣೆ ಬಾಟ್ಲಿಯೇ ಇದಕ್ಕೆ ಸರಿಯಾದ ಉದಾಹರಣೆ. ಚಳಿಗೆ ಎಣ್ಣೆ ಗಟ್ಟಿಯಾದ್ರೆ ಬಾಟ್ಲಿ ತುಂಬ ಎಣ್ಣೆ ಉಂಟು, ಆದ್ರೆ ಬಗ್ಗಿಸಿದ್ರೆ ಬರುವುದಿಲ್ಲ. ಲಿಥಿಯಂ ಬ್ಯಾಟರಿ ಒಳಗಿನ ದ್ರವವೂ ಚಳಿಗೆ ದಪ್ಪ ಆಗ್ತದೆ, ಅಯಾನ್‌ಗಳು ಆಚೆ ಈಚೆ ಹೋಗುವುದು ನಿಧಾನ ಆಗ್ತದೆ, ಒಳಗಿನ ರೆಸಿಸ್ಟೆನ್ಸ್ ಏರ್ತದೆ. ಮೋಟರ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದ್ರೆ ವೋಲ್ಟೇಜ್ ದಡಕ್ಕ ಕುಸೀತದೆ, ಡ್ರೋನ್ ಅದನ್ನು ನೋಡಿ ಬ್ಯಾಟರಿ ಮುಗೀತು ಅಂದ್ಕೊಳ್ತದೆ. ಸ್ಟಿಕ್ ಬಿಟ್ಟ ಕೂಡ್ಲೆ ಎಳೆತ ಕಮ್ಮಿ ಆಯ್ತು, ವೋಲ್ಟೇಜ್ ಮೇಲೆ ಬಂತು, ಬಚಾವ್. ಪರ್ಸೆಂಟ್ ಹೇಳುವುದು ಬಾಟ್ಲಿಯಲ್ಲಿ ಎಷ್ಟು ಎಣ್ಣೆ ಉಂಟು ಅಂತ, ಎಷ್ಟು ಬೇಗ ಸುರೀಬಹುದು ಅಂತ ಅಲ್ಲ. ಚಳಿಯಲ್ಲಿ ಹಾರಿಸುವವರು ಇದೊಂದು ತಲೆಯಲ್ಲಿ ಇಟ್ಕೊಂಡ್ರೆ ಮಂಡೆಬಿಸಿ ಮುಕ್ಕಾಲು ಇಳೀತದೆ. ಇನ್ನೊಂದು ಸೇರಿಸ್ತೇನೆ, ಅಲ್ಲಿ ಎತ್ತರವೂ ಜಾಸ್ತಿ, 3000 ಮೀಟರಿನ ಹತ್ರ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಮುಕ್ಕಾಲು ಪಾಲು ಮಾತ್ರ, ಹಾಗಾಗಿ ರೆಕ್ಕೆ ಹೆಚ್ಚು ಜೋರು ತಿರುಗಬೇಕು, ಅಂದ್ರೆ ಕರೆಂಟ್ ಮತ್ತೂ ಹೆಚ್ಚು. ಮಲ್ಪೆಯಲ್ಲಿ ಕೇಳುವ ಸದ್ದಿಗಿಂತ ಅಲ್ಲಿ ಸದ್ದು ಒಂದು ಸ್ವರ ಮೇಲೆಯೇ ಇತ್ತು, ಕಿವಿಗೆ ಗೊತ್ತಾಗ್ತದೆ.

ಈಗ ಬಾಕ್ಸಿನ ವಿಷಯ.

ಭಾವ ಊರಿಂದ ಬರುವಾಗ ಒಂದು ಸಣ್ಣ ಥರ್ಮಾಕೋಲ್ ಪೆಟ್ಟಿಗೆ ತಂದಿದ್ರು, ಮೀನು ಐಸ್ ಹಾಕಿ ಕಳಿಸ್ತಾರಲ್ಲ, ಅದೇ, ಅದರ ಮಕ್ಕಳ ಸೈಜ್. ಅದರಲ್ಲಿ ಅಕ್ಕ ಮಾಡಿಕೊಟ್ಟ ಬಂಗುಡೆ ಫ್ರೈ, ಸಿಗಡಿ ಚಟ್ನಿ, ನೀರುಳ್ಳಿ ಎಲ್ಲ ತುಂಬಿಸಿ ಮಂಗಳಾ ಎಕ್ಸ್‌ಪ್ರೆಸ್ಸಲ್ಲಿ ಉಡುಪಿಯಿಂದ ದೆಹಲಿಯ ನಿಜಾಮುದ್ದೀನ್‌ವರೆಗೆ ತಿಂದದ್ದು. ಖಾಲಿ ಆದ ಮೇಲೆ ಬಿಸಾಡುವ ಅಂದ್ರೆ "ಇರ್ಲಿ, ಬರುವಾಗ ಸೇಬು ತುಂಬಿಸುವ" ಅಂದಿದ್ರು. ಮೊದಲ ದಿನದ ಕಥೆ ಆದ ಮೇಲೆ ಸಂಜೆ ಚಹಾ ಕುಡೀತಾ ಅವರೇ ಹೇಳಿದ್ದು, "ಐಸ್ ಕರಗದ ಹಾಗೆ ಇಡುವ ಪೆಟ್ಟಿಗೆ ಅಲ್ವಾ ಅದು, ಬಿಸಿ ಆರದ ಹಾಗೆ ಇಡ್ಲಿಕ್ಕಿಲ್ವಾ?" ನಾನು ಡ್ರೋನ್ ವಿಡಿಯೋ ನೂರು ನೋಡಿದವ, ನನಗೆ ಹೊಳೀಲಿಲ್ಲ, ಮೀನಿನವರಿಗೆ ಹೊಳೀತು.

ಅಮ್ಮನ ಮೊಣಕಾಲು ನೋವಿಗೆ ತಂದ ರಬ್ಬರಿನ ಬಿಸಿನೀರು ಚೀಲ ನನ್ನ ಬ್ಯಾಗಲ್ಲಿತ್ತು (ರಾತ್ರಿ ಕಾಲಡಿಗೆ ಬೇಕು ಅಂತ ಕೇಳಿ ತಂದದ್ದು). ಕುದಿಯುವ ನೀರಲ್ಲ, ಕೈ ಅದ್ದಿದ್ರೆ ತಡೀಬಹುದಾದಷ್ಟು ಬಿಸಿ ನೀರು ತುಂಬಿಸಿ, ಬಾಯಿ ಗಟ್ಟಿ ತಿರುಗಿಸಿ, ಬೈರಾಸಲ್ಲಿ ಎರಡು ಸುತ್ತು ಸುತ್ತಿ ಪೆಟ್ಟಿಗೆ ಅಡಿಗೆ. ಅದರ ಮೇಲೆ ಇನ್ನೊಂದು ಬಟ್ಟೆ, ಅದರ ಮೇಲೆ ಬ್ಯಾಟರಿ ಮೂರೂ ಜಿಪ್ ಇರುವ ಪ್ಲಾಸ್ಟಿಕ್ ತೊಟ್ಟೆಯಲ್ಲಿ, ಚೀಲ ಸೋರಿದ್ರೆ ಕಥೆ ಬೇಡ ಅಂತ. ಊರಲ್ಲಿ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ವೈರ್ ಇರುವ ಸಣ್ಣ ಥರ್ಮಾಮೀಟರ್ ಒಂದು ಇತ್ತು, ಅದರ ತುದಿಯನ್ನು ಬ್ಯಾಟರಿ ಪಕ್ಕ ಸಿಕ್ಕಿಸಿ ಮುಚ್ಚಳ ಹಾಕಿದೆ. ಹೊರಗೆ ಮೈನಸ್ 3 ಇರುವಾಗ ಒಳಗೆ ಸುಮಾರು ಎರಡು ಗಂಟೆ 25ರಿಂದ 28 ಡಿಗ್ರಿ ನಿಂತಿತು. ಬ್ಯಾಟರಿ 20 ಡಿಗ್ರಿ ಮೇಲೆ ಇದ್ರೆ ಸಾಕು, ಅದು ಪೂರ್ತಿ ತಾಕತ್ತು ಕೊಡ್ತದೆ. ಮುಚ್ಚಳ ತೆಗೆದ ಕೂಡ್ಲೆ ಬಂಗುಡೆ ಮಸಾಲೆ ಪರಿಮಳ ಬರ್ತದೆ, ಅದೊಂದು ಬೋನಸ್.

ಎರಡನೇ ದಿನ ಅದೇ ಜಾಗ, ಅದೇ ಹೊತ್ತು, ಅದೇ ಮೈನಸ್ಸು. ಪೆಟ್ಟಿಗೆಯಿಂದ ಬ್ಯಾಟರಿ ತೆಗೆದು ಟಕ್ ಅಂತ ಲಾಕ್ ಬೀಳುವವರೆಗೆ ಒತ್ತಿದೆ, ಒಂದೇ ನಿಮಿಷದಲ್ಲಿ ಎತ್ತಿ, ತಲೆ ಎತ್ತರದಲ್ಲಿ ಒಂದು ಒಂದೂವರೆ ನಿಮಿಷ ಸುಮ್ಮನೆ ನಿಲ್ಲಿಸಿದೆ. ಮೋಟರ್ ಓಡುವಾಗ ಬ್ಯಾಟರಿ ತಾನೇ ಬಿಸಿ ಆಗ್ತದೆ, ಅದಕ್ಕೆ ಈ ನಿಲ್ಲಿಸುವುದು. ಆಮೇಲೆ ಸಿನಿ ಮೋಡ್‌ನಲ್ಲಿ (ನಿಧಾನ ಹಾರಿಸುವ ಸೆಟ್ಟಿಂಗ್) ಮೆಲ್ಲ ಹತ್ತಿಸಿದೆ. ಮಿನಿ 2 ಸ್ಪೋರ್ಟ್ ಮೋಡ್‌ನಲ್ಲಿ ಸೆಕೆಂಡಿಗೆ 5 ಮೀಟರ್ ಹತ್ತುತ್ತದೆ, ಸಿನಿಯಲ್ಲಿ 2 ಮೀಟರ್ ಮಾತ್ರ, ಚಳಿಯಲ್ಲಿ ಆ 2 ಮೀಟರೇ ನಿಮ್ಮ ದೇವರು. 14 ನಿಮಿಷ ಹಾರಿಸಿದೆ, ಒಂದು ಬೀಪ್ ಇಲ್ಲ, 45 ಪರ್ಸೆಂಟಿಗೆ ಅಂಗಳದಲ್ಲಿ ಇಳಿಸಿದೆ. ಇನ್ನೂ ಹಾರಿಸಬಹುದಿತ್ತು, ಧೈರ್ಯ ಬರ್ಲಿಲ್ಲ, ಮತ್ತೆ ಆ ತೋಡು ದಾಟುವ ಆಸೆಯೂ ಇರ್ಲಿಲ್ಲ. ಉಳಿದ ದಿನಗಳಿಗೆ ನಾನು ಇಟ್ಟ ಲೆಕ್ಕ ಇಷ್ಟೇ: ಫೋನಲ್ಲಿ 10 ನಿಮಿಷಕ್ಕೆ ಅಲಾರಂ, ಅಲಾರಂ ಆದ ಕೂಡ್ಲೆ ಮುಖ ತಿರುಗಿಸುವುದು, ಅಥವಾ 50 ಪರ್ಸೆಂಟ್, ಯಾವುದು ಮೊದ್ಲು ಬರ್ತದೋ ಅದು. ಆ್ಯಪಲ್ಲಿ ಬ್ಯಾಟರಿ ಮಾಹಿತಿ ಅಂತ ಉಂಟು, ಸೆಲ್ ವೋಲ್ಟೇಜ್ ಕಾಣ್ತದೆ, ಎತ್ತಿ ನಿಲ್ಲಿಸಿದಾಗ ಅದನ್ನೊಮ್ಮೆ ನೋಡಿ. ಬ್ಯಾಟರಿ ಒಳಗಿನ ಎರಡು ಸೆಲ್ಲಿನ ನಡುವೆ ವೋಲ್ಟೇಜ್ ವ್ಯತ್ಯಾಸ ಜಾಸ್ತಿ ಇದ್ರೆ ಆ ಬ್ಯಾಟರಿಯನ್ನು ಚಳಿಗೆ ತಗೊಂಡು ಹೋಗ್ಬೇಡಿ.

ನನ್ನ ಮೂರನೇ ಬ್ಯಾಟರಿ ಡೂಪ್ಲಿಕೇಟ್, ಕಮ್ಮಿಗೆ ಸಿಗ್ತದೆ ಅಂತ ಆನ್‌ಲೈನಲ್ಲಿ ಯಾವನೋ ಮಾರುವವನಿಂದ ತಗೊಂಡದ್ದು, ಊರಲ್ಲಿ ಚೆನ್ನಾಗಿಯೇ ಓಡ್ತಿತ್ತು, ಅಲ್ಲಿ ಬೆಚ್ಚಗೆ ಮಾಡಿದ್ರೂ ಆರನೇ ನಿಮಿಷಕ್ಕೆ ಅಳ್ಲಿಕ್ಕೆ ಶುರು. ಈಗ ಹೊಟ್ಟೆ ಉಬ್ಬಿಸಿಕೊಂಡು ಕೂತಿದೆ, ಎಲ್ಲಿ ಬಿಸಾಡುವುದು ಅಂತ ನೋಡ್ತಾ ಇದ್ದೇನೆ.

ಚಾರ್ಜಿಂಗ್ ವಿಷಯ ಬೇರೆಯೇ. ಈ ಬ್ಯಾಟರಿ ಚಾರ್ಜ್ ಆಗುವುದು 5 ಡಿಗ್ರಿ ಮೇಲೆ ಇದ್ರೆ ಮಾತ್ರ. ಮೊದಲ ರಾತ್ರಿ ಚಾರ್ಜಿಂಗ್ ಹಬ್‌ಗೆ (ಮೂರೂ ಬ್ಯಾಟರಿ ಸಿಕ್ಕಿಸುವ ಚಾರ್ಜರ್) ಹಾಕಿಟ್ಟು ಮಲಗಿದ್ದೆ, ಬೆಳಿಗ್ಗೆ ನೋಡಿದ್ರೆ ಮೂರರಲ್ಲಿ ಒಂದೇ ತುಂಬಿತ್ತು, ಹಬ್ ಒಂದಾದ ಮೇಲೊಂದು ಚಾರ್ಜ್ ಮಾಡುವುದಲ್ವಾ, ಅಷ್ಟರಲ್ಲಿ ರೂಮ್ ತಣ್ಣಗಾಗಿ ಉಳಿದೆರಡು ಹಾಗೆಯೇ ನಿಂತಿದ್ವು. ನಿಂತದ್ದು ಒಳ್ಳೆಯದೇ ಆಯ್ತು, ತೀರಾ ತಣ್ಣಗಿರುವ ಬ್ಯಾಟರಿಗೆ ಬಲವಂತದಲ್ಲಿ ಚಾರ್ಜ್ ತುಂಬಿಸಿದ್ರೆ ಒಳಗೆ ಲಿಥಿಯಂ ಲೋಹವಾಗಿ ಪದರ ಕಟ್ತದೆ, ಕೆಪಾಸಿಟಿ ಮತ್ತೆ ವಾಪಸ್ ಬರುವುದಿಲ್ಲ. ಆಮೇಲೆ ಸಂಜೆ ಊಟದ ಕೋಣೆಯಲ್ಲಿ ಚಾರ್ಜ್ ಮಾಡಿದೆ, ಅಲ್ಲಿ ಕಟ್ಟಿಗೆ ಒಲೆ ಇರ್ತದೆ, ತಂದೂರ್ ಅಂತಾರೆ ಅವರು, ಇಡೀ ಊರು ಅದರ ಸುತ್ತ ಕೂತಿರ್ತದೆ. ಒಲೆಗೆ ತಾಗಿಸಿ ಮಾತ್ರ ಇಡ್ಬೇಡಿ ಮಾರಾಯ್ರೆ, ಒಬ್ಬ ಹುಡುಗ ಡ್ರೋನ್ ಬ್ಯಾಟರಿ ತಂದು ಒಲೆಯ ತಗಡಿನ ಮೇಲೆಯೇ ಇಟ್ಟಿದ್ದ, ರೊಟ್ಟಿ ಕಾಯಿಸುವ ಹಾಗೆ. ನಾನು ಬೊಬ್ಬೆ ಹಾಕಿ ತೆಗೆಸಿದೆ. ಬೆಚ್ಚಗೆ ಅಂದ್ರೆ ಬೆಚ್ಚಗೆ, ಸುಡುವುದಲ್ಲ, ಲಿಥಿಯಂ ಬ್ಯಾಟರಿ ಅತಿ ಬಿಸಿಯಾದ್ರೆ ಬೆಂಕಿಯೇ.

ಇನ್ನು ತಗೊಂಡ ಸಾಮಾನುಗಳು. ಮಡಚುವ ಲ್ಯಾಂಡಿಂಗ್ ಪ್ಯಾಡ್, ಒಂದು ಬದಿ ಕಿತ್ತಳೆ ಒಂದು ಬದಿ ನೀಲಿ, ಮಂಗಳೂರಲ್ಲಿ ತಗೊಂಡದ್ದು, ಇದಕ್ಕೆ ಫುಲ್ ಮಾರ್ಕ್ಸ್. ಮಿನಿ 2ರ ಕಾಲು ಗಿಡ್ಡ, ಕ್ಯಾಮೆರಾ ನೆಲಕ್ಕೆ ಹತ್ರ, ಸ್ನೋ ಮೇಲಿಂದ ಎತ್ತಿದ್ರೆ ರೆಕ್ಕೆ ಗಾಳಿಗೆ ಹುಡಿ ಎದ್ದು ಮೋಟರಿಗೆ ಕ್ಯಾಮೆರಾಕ್ಕೆ ಎಲ್ಲ ಹೋಗ್ತದೆ. ಅದಕ್ಕಿಂತ ಮುಖ್ಯ ಇಳಿಸುವಾಗ: ಇದಕ್ಕೆ ಕೆಳಗೆ ನೋಡುವ ಸೆನ್ಸರ್ ಮಾತ್ರ ಇರುವುದು, ಅದು ನೆಲದ ಮೇಲಿನ ಗುರುತು, ಬಣ್ಣ, ಗೆರೆ ನೋಡಿ ತಾನು ಎಲ್ಲಿದ್ದೇನೆ ಅಂತ ತಿಳ್ಕೊಳ್ಳುವುದು, ಬರೀ ಬಿಳಿ ಸ್ನೋದಲ್ಲಿ ಅದಕ್ಕೆ ಎಂತದೂ ಸಿಗುವುದಿಲ್ಲ, ತಡವರಿಸ್ತದೆ. ಕಿತ್ತಳೆ ಪ್ಯಾಡ್ ಹಾಕಿದ್ರೆ ಸರಿಯಾಗಿ ಇಳೀತದೆ. ಪ್ಯಾಡ್ ಹಾರದ ಹಾಗೆ ಮೂಲೆಗೆ ಕಲ್ಲು ಇಡಿ, ಕೊಟ್ಟ ಮೊಳೆ ಐಸ್ ನೆಲಕ್ಕೆ ಇಳಿಯುವುದಿಲ್ಲ.

ಕಾಲು ಎತ್ತರ ಮಾಡುವ ಪ್ಲಾಸ್ಟಿಕ್ ಸೆಟ್, ದಂಡ. ದಂಡ ಮಾತ್ರ ಅಲ್ಲ, ಅದರಲ್ಲೊಂದು ಗುಂಡಿ ಉಂಟು. ಚಿನ್ನದ ಅಂಗಡಿ ಫ್ರೆಂಡಿನ ತಕ್ಕಡಿಯಲ್ಲಿ ತೂಗಿ ನೋಡಿದೆ, ಕಾಲು ಸಿಕ್ಕಿಸಿದ ಮೇಲೆ 260ರ ಹತ್ರ ಬಂತು. ನಮ್ಮ 2021ರ ಡ್ರೋನ್ ರೂಲ್ಸಲ್ಲಿ 250 ಗ್ರಾಂವರೆಗೆ ಮಾತ್ರ ನ್ಯಾನೋ, ಅದಕ್ಕಿಂತ ಒಂದು ಗ್ರಾಂ ಹೆಚ್ಚಾದ್ರೂ ಮೈಕ್ರೋ. ಕಂಪನಿ ಕಷ್ಟಪಟ್ಟು 249ಕ್ಕೆ ನಿಲ್ಲಿಸಿದ್ದನ್ನು ನಾವು ಪ್ಲಾಸ್ಟಿಕ್ ಕಾಲು ಕಟ್ಟಿ ಹಾಳು ಮಾಡುವುದು. ಬ್ಯಾಟರಿ ಮೇಲೆ ಅಂಟಿಸುವ ಹೀಟರ್ ಸ್ಟಿಕ್ಕರ್ ಮಾರ್ತಾರಲ್ಲ, ಅದಕ್ಕೂ ಇದೇ ಮಾತು. ಹೊರಗೆ ಬಿಸಿ ಮಾಡಿ ಹಾಕಿ, ಮೇಲೆ ಹೊತ್ತುಕೊಂಡು ಹೋಗುವ ಬಿಸಿ ಬೇಡ.

ಕೈಗ್ಲೌಸ್: ಬೆರಳ ತುದಿ ಮಡಚಿ ಹಿಂದಕ್ಕೆ ಹಾಕುವ ಟೈಪ್ ತಗೊಳ್ಳಿ. ಪೂರ್ತಿ ಮುಚ್ಚಿದ ದಪ್ಪ ಗ್ಲೌಸಲ್ಲಿ ಸ್ಟಿಕ್ ಎಷ್ಟು ಒತ್ತಿದೆ ಅಂತ ಗೊತ್ತಾಗುವುದಿಲ್ಲ, ಬರಿಗೈಯಲ್ಲಿ ಐದು ನಿಮಿಷಕ್ಕೆ ಹೆಬ್ಬೆರಳು ಮರದ ತುಂಡು. ನಾವು ಕರಾವಳಿಯವರಿಗೆ ಬೆರಳು ಮರಗಟ್ಟುವುದು ಅಂದ್ರೆ ಎಂತ ಅಂತಲೇ ಗೊತ್ತಿಲ್ಲ, ಗೊತ್ತಾಗುವಾಗ ಡ್ರೋನ್ ಮೇಲೆ ಇರ್ತದೆ. ಫೋನೂ ಹಾಗೆಯೇ, ಅದರದ್ದೂ ಲಿಥಿಯಂ ಬ್ಯಾಟರಿಯೇ ಅಲ್ವಾ, 40 ಪರ್ಸೆಂಟಲ್ಲಿ ಆಫ್ ಆದ ಫೋನ್ ನಾನೇ ನೋಡಿದ್ದೇನೆ. ಫೋನ್ ಆಫ್ ಆದ್ರೆ ಚಿತ್ರ ಇಲ್ಲ, ಆದ್ರೆ ಕಂಟ್ರೋಲರ್ ಇರ್ತದೆ, ಅದರ ರಿಟರ್ನ್ ಟು ಹೋಮ್ ಬಟನ್ ಒತ್ತಿ ಹಿಡಿದ್ರೆ ವಾಪಸ್ ಬರ್ತದೆ. ಬರ್ಲಿಕ್ಕೆ ಎರಡು ಸಂಗತಿ ಸರಿ ಇರ್ಬೇಕು, ಎತ್ತುವ ಮೊದಲು ಜಿಪಿಎಸ್ ಸಿಕ್ಕಿ ಹೋಮ್ ಪಾಯಿಂಟ್ (ಅದು ವಾಪಸ್ ಬರಬೇಕಾದ ಜಾಗ) ರೆಕಾರ್ಡ್ ಆಗಿರ್ಬೇಕು, ಮತ್ತೆ ವಾಪಸ್ ಬರುವ ಎತ್ತರ ಮರಕ್ಕಿಂತ ಮೇಲೆ ಇಟ್ಟಿರ್ಬೇಕು. ದೇವದಾರು ಅಂದ್ರೆ ನಮ್ಮ ತೆಂಗಿನ ಮರ ಅಲ್ಲ, 40, 50 ಮೀಟರ್ ಎತ್ತರ ಬೆಳೀತದೆ, ಮಿನಿ 2ಕ್ಕೆ ಮುಂದೆ ನೋಡುವ ಸೆನ್ಸರ್ ಇಲ್ಲ, ಸೀದ ಹೋಗಿ ಗುದ್ದುತ್ತದೆ. ನಾನು 80 ಮೀಟರ್ ಇಟ್ಟಿದ್ದೆ.

ಗಾಳಿ ಬಗ್ಗೆ ಮಲ್ಪೆಯಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬಂತು. ನಮ್ಮಲ್ಲಿ ಚಳಿಗಾಲದ ಬೆಳಿಗ್ಗೆ ಗಾಳಿ ನೆಲದಿಂದ ಸಮುದ್ರಕ್ಕೆ, ಮಧ್ಯಾಹ್ನ ಮೇಲೆ ಸಮುದ್ರದಿಂದ ನೆಲಕ್ಕೆ. ಹೊಸತರಲ್ಲಿ ಬೆಳಿಗ್ಗೆ ದೋಣಿ ಶೂಟ್ ಮಾಡ್ಲಿಕ್ಕೆ ಅಂತ ಸಮುದ್ರದ ಮೇಲೆ ಬಿಟ್ಟೆ, ಹೋಗುವಾಗ ಆಹಾ ಎಂತ ಸ್ಪೀಡ್ ಅಂತ ಖುಷಿ, ತಿರುಗಿಸಿದ ಮೇಲೆ ಗೊತ್ತಾಯ್ತು ಆ ಸ್ಪೀಡ್ ಯಾರದ್ದು ಅಂತ. ಅವತ್ತಿಂದ ಮೊದ್ಲು ಗಾಳಿಗೆ ಎದುರು ಹೋಗುವುದು, ಬರುವಾಗ ಗಾಳಿಯೇ ತಂದು ಬಿಡ್ಲಿ. ಕಣಿವೆಯಲ್ಲೂ ಹಾಗೆಯೇ, ಬೆಳಿಗ್ಗೆ ಶಾಂತ, ಬಿಸಿಲು ಏರಿದ ಹಾಗೆ ಗಾಳಿ ಕೆಳಗಿಂದ ಮೇಲಕ್ಕೆ ಹತ್ತುತ್ತದೆ. ಈಗ ತೊಂದರೆ ಕಾಣ್ತದಾ? ಗಾಳಿ ಕಮ್ಮಿ ಇರುವ ಹೊತ್ತೇ ಚಳಿ ಜಾಸ್ತಿ ಇರುವ ಹೊತ್ತು. ನನಗೆ ಸರಿ ಕಂಡದ್ದು ಒಂಬತ್ತೂವರೆಯಿಂದ ಹನ್ನೊಂದು, ಆಗ ಸೊನ್ನೆ ದಾಟಿರ್ತದೆ, ಗಾಳಿ ಇನ್ನೂ ಏಳುವುದರಲ್ಲಿರ್ತದೆ. ಏಳೂವರೆಯ ಬಂಗಾರದ ಬಿಸಿಲು ಬೇಕು ಅಂತ ಹಟ ಇದ್ರೆ ಬಂಗುಡೆ ಬಾಕ್ಸ್ ಬೇಕೇ ಬೇಕು.

ಮಂಜು ಇದ್ರೆ ಮಾತ್ರ ಎತ್ತಲೇಬೇಡಿ. ಮಣಿಪಾಲದ ಎಂಡ್ ಪಾಯಿಂಟಲ್ಲಿ ಒಮ್ಮೆ ಬೆಳಿಗ್ಗೆ ಮಂಜಲ್ಲಿ ಎತ್ತಿದ್ದೆ, ಕೆಳಗೆ ಇಳಿಸುವಾಗ ರೆಕ್ಕೆಯಲ್ಲಿ ನೀರು ಹನಿ ಹನಿ. ಅಲ್ಲಿ 22 ಡಿಗ್ರಿ, ಹನಿ ಹನಿಯಾಗಿಯೇ ಇತ್ತು. ಅದೇ ಹನಿ ಮೈನಸ್ಸಲ್ಲಿ ರೆಕ್ಕೆ ಅಂಚಿಗೆ ಐಸಾಗಿ ಕೂರ್ತದೆ, ರೆಕ್ಕೆಯ ಆಕಾರವೇ ಬದಲಾಗ್ತದೆ, ಎತ್ತುವ ಶಕ್ತಿ ಹೋಗ್ತದೆ, ಬ್ಯಾಲೆನ್ಸ್ ತಪ್ಪಿ ನಡುಗ್ತದೆ. ಮೂರನೇ ದಿನ ಪೂರ್ತಿ ಮೋಡ ಕವಿದಿತ್ತು, ಸಣ್ಣಗೆ ಸ್ನೋ ಬೀಳ್ತಿತ್ತು, ಪಕ್ಕದ ಹೋಮ್‌ಸ್ಟೇಯಲ್ಲಿ ಒಬ್ಬರು ಎತ್ತಿಯೇ ಎತ್ತಿದ್ರು, ಬೀಳುವ ಸ್ನೋ ವಿಡಿಯೋ ಚೆಂದ ಬಂತು ಅಂತ ತೋರಿಸಿದ್ರು, ಬಂದದ್ದು ನಿಜ. ನಾನು ಎತ್ತಲಿಲ್ಲ, ಇದು ನೀರು ತಡೆಯುವ ಡ್ರೋನ್ ಅಲ್ಲ, ಮೋಟರ್ ಹೊರಗೆ ತೆರೆದೇ ಇರುವುದು. ಆ ದಿನ ಇಡೀ ಭಾವನ ಜೊತೆ ಇಸ್ಪೀಟ್.

ಹೊರಗಿಂದ ಒಳಗೆ ತರುವಾಗ ಮತ್ತೊಂದು ಕಿರಿಕಿರಿ. ಎಸಿ ಬಸ್ಸಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಇಳಿದ ಕೂಡ್ಲೆ ಕನ್ನಡಕ ಪೂರ್ತಿ ಮಬ್ಬಾಗ್ತದಲ್ಲ, ಡ್ರೋನಿಗೂ ಅದೇ ಆಗುವುದು, ಲೆನ್ಸ್ ಮಾತ್ರ ಅಲ್ಲ, ಒಳಗಿನ ಬೋರ್ಡಿಗೂ. ಹೊರಗಿರುವಾಗಲೇ ಜಿಪ್ ತೊಟ್ಟೆಗೆ ಹಾಕಿ, ಶೂ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಎರಡು ಪ್ಯಾಕೆಟ್ ಸೇರಿಸಿ, ಬಾಯಿ ಮುಚ್ಚಿ ಒಳಗೆ ತನ್ನಿ, ಒಂದು ಗಂಟೆ ಹಾಗೆಯೇ ಬಿಡಿ. ನೀರು ಕಟ್ಟುವುದು ತೊಟ್ಟೆಯ ಹೊರಗೆ. ವಿಡಿಯೋ ನೋಡುವ ಅವಸರ ಇದ್ರೆ ಮೆಮೊರಿ ಕಾರ್ಡ್ ಹೊರಗೇ ತೆಗೆದು ಜೇಬಿಗೆ ಹಾಕ್ಕೊಳ್ಳಿ.

ಕ್ಯಾಮೆರಾ ಬಗ್ಗೆ ಎರಡೇ ಮಾತು. ಆಟೋದಲ್ಲಿ ಬಿಟ್ರೆ ಸ್ನೋ ಬೂದಿ ಬಣ್ಣಕ್ಕೆ ಬರ್ತದೆ, ಯಾಕಂದ್ರೆ ಕ್ಯಾಮೆರಾಕ್ಕೆ ಇಷ್ಟು ಬಿಳಿ ಇರ್ಲಿಕ್ಕಿಲ್ಲ ಅಂತ ಅನುಮಾನ, ಅದು ಕತ್ತಲು ಮಾಡ್ತದೆ. ಎಕ್ಸ್‌ಪೋಶರ್ 0.7 ಮೇಲೆ ಇಟ್ಟೆ, ಬಿಸಿಲು ಹೊಡೆಯುವ ಜಾಗ ಸುಟ್ಟು ಹೋಗದಷ್ಟು. ಜಿಂಬಲ್ (ಕ್ಯಾಮೆರಾ ಅಲುಗಾಡದ ಹಾಗೆ ಹಿಡಿಯುವ ಭಾಗ) ಎರಡು ಸಲ ಆನ್ ಆಗುವಾಗ ಸ್ವಲ್ಪ ಒದ್ದಾಡಿತು, ಜೇಬಲ್ಲಿ ಇಟ್ಟು ಬೆಚ್ಚಗೆ ಮಾಡಿದ ಮೇಲೆ ಸರಿ ಆಯ್ತು.

ರೂಲ್ಸ್ ಕೇಳುವವರಿಗೆ: ನ್ಯಾನೋ ಅಂದ್ರೆ ಪೈಲಟ್ ಸರ್ಟಿಫಿಕೇಟ್ ಬೇಡ, ಎಲ್ಲಿ ಬೇಕಾದ್ರೂ ಹಾರಿಸಬಹುದು ಅಂತ ಅಲ್ಲ. ಹೋಗುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಲ್ಲಿ ಜಾಗ ನೋಡಿ, ಗ್ರೀನ್ ಝೋನ್ ಅಂದ್ರೆ ಅನುಮತಿ ಕೇಳದೆ ಹಾರಿಸಬಹುದಾದ ಜಾಗ, ಅಲ್ಲಿ 400 ಅಡಿ ಎತ್ತರದವರೆಗೆ. ಊರಲ್ಲಿ ಬಜ್ಪೆ ಏರ್‌ಪೋರ್ಟ್ ಹತ್ರ ಹೇಗೆ ಎತ್ತುವುದಿಲ್ಲವೋ ಅಲ್ಲಿ ಮಿಲಿಟರಿ ಜಾಗದ ಹತ್ರ, ನ್ಯಾಷನಲ್ ಪಾರ್ಕ್ ಒಳಗೆ ಹಾಗೆಯೇ. ಹಳ್ಳಿಯಲ್ಲಿ ದೇವಸ್ಥಾನದ ಮೇಲೆ ಹಾರಿಸುವ ಮೊದಲು ಅಲ್ಲಿಯವರನ್ನು ಕೇಳಿ, ನಮ್ಮ ದೈವಸ್ಥಾನದ ಮೇಲೆ ಯಾರಾದ್ರೂ ಕೇಳದೆ ಹಾರಿಸಿದ್ರೆ ನಾವು ಬಿಡ್ತೇವಾ? ವಿಮಾನದಲ್ಲಿ ಹೋಗುವವರು ಬ್ಯಾಟರಿ ಚೆಕ್‌ಇನ್ ಬ್ಯಾಗಿಗೆ ಹಾಕ್ಬೇಡಿ, ಕೈಯಲ್ಲಿ ಹಿಡ್ಕೊಳ್ಳುವ ಬ್ಯಾಗಲ್ಲೇ ಇರ್ಬೇಕು.

ಊರಿಗೆ ಬಂದು ಎರಡು ತಿಂಗಳಾಯ್ತು. ಒರಿಜಿನಲ್ ಬ್ಯಾಟರಿ ಎರಡೂ ಮಲ್ಪೆಯಲ್ಲಿ ಮತ್ತೆ 21 ನಿಮಿಷ ಕೊಡ್ತಾ ಇದೆ, ಅಂದ್ರೆ ಚಳಿ ತಿಂದದ್ದು ಅವತ್ತಿನ ಅವತ್ತಿಗೆ ಮಾತ್ರ. ನಿಜ ಹೇಳ್ಬೇಕಂದ್ರೆ ನನ್ನ ಡ್ರೋನಿಗೆ ಹಿಮಾಚಲದ ಚಳಿಗಿಂತ ನಮ್ಮ ಉಪ್ಪುಗಾಳಿ, ಜುಲೈ ತಿಂಗಳ ತೇವವೇ ಹೆಚ್ಚು ಕಾಟ ಕೊಟ್ಟದ್ದು, ಸ್ಕ್ರೂ ತುಕ್ಕು ಹಿಡಿದದ್ದು ಇಲ್ಲಿಯೇ.

ಸೊನ್ನೆಯ ಮೇಲೆ ಹಾರಿಸುವವರಿಗೆ ಮಿನಿ 2 ಸಾಕು, ಐದಕ್ಕೆ ನಾಲ್ಕೂವರೆ ಕೊಡ್ತೇನೆ. ಸೊನ್ನೆಯ ಕೆಳಗೆ ಬೆಚ್ಚಗೆ ಮಾಡಿದ ಬ್ಯಾಟರಿ, 10 ನಿಮಿಷ, ಮೆಲ್ಲಗೆ ಹತ್ತಿಸುವ ತಾಳ್ಮೆ ಇದ್ರೆ ಮೂರೂವರೆ, ತಾಳ್ಮೆ ಇಲ್ಲದಿದ್ರೆ ಗಡ್ಡೆ ಗಡ್ಡೆ ಸ್ನೋದಲ್ಲಿ ನಡೀಲಿಕ್ಕೆ ಒಳ್ಳೆಯ ಬೂಟು ತಗೊಳ್ಳಿ. ಲ್ಯಾಂಡಿಂಗ್ ಪ್ಯಾಡ್ ತಗೊಳ್ಳಿ, ಕಾಲಿನ ಸೆಟ್ ಬೇಡ, ನನ್ನದು ಬೇಕಾದವರಿಗೆ ಸುಮ್ಮನೆ ಕೊಡ್ತೇನೆ. ಥರ್ಮಾಕೋಲ್ ಪೆಟ್ಟಿಗೆ ಮಾತ್ರ ಕೇಳ್ಬೇಡಿ, ಬರುವಾಗ ಸೇಬು ತುಂಬಿಸಿ ತಂದ್ವು, ಈಗ ವಾಪಸ್ ಭಾವನ ಹತ್ರ ಬಂದರಿಗೆ ಹೋಗಿದೆ, ಮೊನ್ನೆ ಅದರಲ್ಲೇ ಅಂಜಲ್ ಕಳಿಸಿದ್ರು.